ಸ್ಟಾರ್ಟರ್ ಮುಂದೆ ಬಂದು ನಿಲ್ಲಲಿ

ಮಾನ್ಯರೇ,

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಮತ್ತೆ ಶುರುವಾಗುತ್ತಿವೆ. ಅಲ್ಲಿ ಓಡುವ, ಕಿವಿ ಕೇಳಿಸದ ಮಕ್ಕಳ ಪರವಾಗಿ ಈ ಪತ್ರ.

2019ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಲೀ ಡಕ್-ಹೀ ಅಮೆರಿಕದ ವಿನ್ಸ್‌ಟನ್-ಸೇಲಂನಲ್ಲಿ ಒಂದು ಟೆನಿಸ್ ಪಂದ್ಯ ಗೆದ್ದರು. ಪುರುಷರ ವೃತ್ತಿಪರ ಟೆನಿಸ್‌ನ ಎಟಿಪಿ ಟೂರ್ನಿಯ ಮುಖ್ಯ ಸುತ್ತಿನಲ್ಲಿ ಕಿವುಡ ಆಟಗಾರರೊಬ್ಬರು ಗೆದ್ದದ್ದು ಅದೇ ಮೊದಲು. ಚೆಂಡು ರ‍್ಯಾಕೆಟ್‌ಗೆ ಬಡಿದ ಸದ್ದಿನಲ್ಲೇ ಉಳಿದವರಿಗೆ ಹೊಡೆತ ಎಂಥದ್ದು ಎಂದು ಗೊತ್ತಾಗುತ್ತದೆ. ಲೀ ಎದುರಾಳಿಯ ಮೈ, ಕೈ ನೋಡಿಯೇ ಊಹಿಸಬೇಕು. ‘ಔಟ್’ ಎಂದು ಕೂಗಿದ್ದು ಕೇಳಿಸದೆ ಆಡುತ್ತಲೇ ಇದ್ದದ್ದೂ ಉಂಟು. ಅದಕ್ಕೆ ಮದ್ದು ದೊಡ್ಡದೇನಲ್ಲ, ಅಂಪೈರ್ ಕೈಸನ್ನೆ ಮಾಡಿದರೆ ಸಾಕು. ಕಿವಿ ಕೇಳಿಸದ ನಮ್ಮ ದೀಕ್ಷಾ ದಾಗರ್ ವೃತ್ತಿಪರ ಗಾಲ್ಫ್‌ನಲ್ಲಿ ಗೆದ್ದು ಒಲಿಂಪಿಕ್ಸ್‌ಗೂ ಹೋದರು. ಪುಣ್ಯಕ್ಕೆ ಗಾಲ್ಫ್‌ನಲ್ಲಿ ಸೀಟಿಯ ಕಾಟ ಇಲ್ಲ!

ನಮ್ಮೂರ ಮೈದಾನಕ್ಕೆ ಬನ್ನಿ. ನೂರು ಮೀಟರ್ ಓಟ. ಸ್ಟಾರ್ಟರ್ ಮಕ್ಕಳ ಹಿಂದೆಯೋ ಪಕ್ಕದಲ್ಲೋ ನಿಂತು ಪಿಸ್ತೂಲು ಹಾರಿಸುತ್ತಾರೆ. ಕಿವಿ ಕೇಳಿಸದ ಹುಡುಗಿ ಏನು ಮಾಡಬೇಕು? ಕತ್ತು ಓರೆ ಮಾಡಿ ಪಕ್ಕದ ಲೇನ್‌ನವಳ ಕಾಲನ್ನೇ ನೋಡುತ್ತಾಳೆ. ಆ ಕಾಲು ಎದ್ದ ಮೇಲೆ ಇವಳದು ಏಳುತ್ತದೆ. ಅಷ್ಟರಲ್ಲಿ ಒಂದು ಹೆಜ್ಜೆ ಹೋಯಿತು. ಆಮೇಲೆ ‘ಪಾಪ, ಚೆನ್ನಾಗಿ ಓಡಿದಳು’ ಅಂತ ಬೆನ್ನು ತಟ್ಟಿ ಕಳಿಸುತ್ತೇವೆ. ನನಗೆ ಜಾಸ್ತಿ ಸಿಟ್ಟು ಬರುವುದು ಆ ‘ಪಾಪ’ಕ್ಕೇ.

ತಮಾಷೆ ನೋಡಿ. ಗುರಿಯ ಹತ್ತಿರ ವಾಚ್ ಹಿಡಿದವರಿಗೆ ನಾವು ಹೇಳಿಕೊಡುವುದೇ ಬೇರೆ. ಸದ್ದಿಗೆ ಕಾಯಬೇಡಿ, ಹೊಗೆ ಕಂಡ ಕೂಡಲೇ ಒತ್ತಿ ಅನ್ನುತ್ತೇವೆ. ಸದ್ದು ನೂರು ಮೀಟರ್ ದಾಟಲು ಸುಮಾರು 0.3 ಸೆಕೆಂಡ್ ಬೇಕಲ್ಲ! ಕಿವಿ ಚೆನ್ನಾಗಿರುವ ಮೇಷ್ಟ್ರಿಗೆ ಕಣ್ಣಿನ ಸೂಚನೆ, ಓಡುವ ಮಗುವಿಗೆ ಮಾತ್ರ ಇಲ್ಲ. ಇದು ಯಾವ ನ್ಯಾಯ?

ಕಿವುಡರ ಅಂತರರಾಷ್ಟ್ರೀಯ ಕ್ರೀಡಾಕೂಟವಾದ ಡೆಫ್ಲಿಂಪಿಕ್ಸ್‌ನಲ್ಲಿ ಓಟ ಶುರುವಾಗುವುದೇ ದೀಪದ ಸೂಚನೆಯಿಂದ. ತಾಲ್ಲೂಕು ಮೈದಾನಕ್ಕೆ ಅಷ್ಟೆಲ್ಲ ಬೇಡ. ಸ್ಟಾರ್ಟರ್ ನಾಲ್ಕು ಹೆಜ್ಜೆ ಮುಂದೆ ಬಂದು, ಆ ಮಗುವಿಗೆ ಕಾಣುವ ಹಾಗೆ ನಿಲ್ಲಲಿ. ಒಂದು ಕೈಯಲ್ಲಿ ಬಾವುಟ ಇರಲಿ. ಗುಂಡು ಹಾರುವಾಗಲೇ ಬಾವುಟ ಇಳಿಯಲಿ. ಮಗುವನ್ನು ಸ್ಟಾರ್ಟರ್ ಕಡೆಯ ಅಂಚಿನ ಲೇನ್‌ನಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಸ್ಟಾರ್ಟ್ ತಪ್ಪಿದಾಗ ವಾಪಸ್ ಕರೆಯುವ ಸೀಟಿಯೂ ಆ ಮಗುವಿಗೆ ಕೇಳಿಸುವುದಿಲ್ಲ. ಒಬ್ಬಳೇ ಕೊನೆತನಕ ಓಡಿ, ಸುಸ್ತಾಗಿ ಬಂದು ಮತ್ತೆ ಓಡಬೇಕು. ಹಾಗಾಗಿ ಮೂವತ್ತು ಮೀಟರ್ ಗೆರೆಯ ಹತ್ತಿರ ಇನ್ನೊಬ್ಬರು ಕೆಂಪು ಬಾವುಟ ಹಿಡಿದು ನಿಲ್ಲಲಿ. ಶಿಕ್ಷಣ ಇಲಾಖೆ ಈ ವರ್ಷದ ಸುತ್ತೋಲೆಯಲ್ಲೇ ಇಷ್ಟನ್ನು ಸೇರಿಸಬೇಕು.

– ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ, ತೀರ್ಥಹಳ್ಳಿ