ಗಾಡಿಯ ರಿಯಾಯಿತಿ ಪತ್ರ ಇನ್ನು ಮೊದಲಲ್ಲ, ಕೊನೆಗೆ: ಸದಸ್ಯರಿಗೊಂದು ಪತ್ರ

ಸದಸ್ಯ ಬಂಧುಗಳಿಗೆ ನಮಸ್ಕಾರ.

ಹೊಸ ಕಾರು, ಸ್ಕೂಟರ್ ಕೊಳ್ಳುವ ಸದಸ್ಯರಿಗೆ ಸಾಗರದ ನಮ್ಮ ಸಹಕಾರ ಸಂಘದಿಂದ ಒಂದು ಪತ್ರ ಕೊಡುವುದು ನಿಮಗೆ ಗೊತ್ತೇ ಇದೆ. 'ಇವರು ನಮ್ಮ ಸದಸ್ಯರು, ಒಪ್ಪಂದದಂತೆ ರಿಯಾಯಿತಿ ಕೊಡಿ' ಎಂದು ಬರೆದು ಸೀಲು ಹಾಕಿದ ಪತ್ರ. ಅದನ್ನು ಹಿಡಿದು ನೀವು ಶಿವಮೊಗ್ಗಕ್ಕೆ ಹೋಗುತ್ತಿದ್ದಿರಿ. ನಾವು ಹೇಳಿದ ಶೋರೂಮಿನಲ್ಲಿ ಅದನ್ನು ಕೊಟ್ಟರೆ ಕಾರಿಗೆ 10,000 ರೂಪಾಯಿ ಕಡಿಮೆ.

ಬರುವ ತಿಂಗಳ 1ನೇ ತಾರೀಖಿನಿಂದ ಈ ಪದ್ಧತಿ ಬದಲಾಗುತ್ತದೆ. ಪತ್ರ ನಿಲ್ಲುವುದಿಲ್ಲ. ಆದರೆ ಅದು ನಿಮ್ಮ ಕೈಗೆ ಮೊದಲು ಸಿಗುವುದಿಲ್ಲ, ಕೊನೆಗೆ ಸಿಗುತ್ತದೆ. ಮೊದಲು ನೀವು ಕನಿಷ್ಠ ಎರಡು ಶೋರೂಮಿನ ಕೊಟೇಶನ್ ತರಬೇಕು. ಅದನ್ನು ನಮ್ಮ ಕಚೇರಿಯಲ್ಲಿ ಜೊತೆಗೆ ಕೂತು ಓದೋಣ. ಚೌಕಾಸಿ ಎಲ್ಲ ಮುಗಿದು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಅವರು ಹೇಳಿದ ಮೇಲೆ ಪತ್ರ ಬರೆದುಕೊಡುತ್ತೇವೆ. ಇಂಥದ್ದೇ ಶೋರೂಂ ಎಂಬ ಕಟ್ಟು ಕೂಡ ಇನ್ನಿಲ್ಲ. ರಿಯಾಯಿತಿ ಕೊಡಲು ಒಪ್ಪುವ ಯಾವ ಶೋರೂಮಿಗಾದರೂ ಬರೆಯುತ್ತೇವೆ.

'ಇದೇನು ಹೊಸ ರಗಳೆ, ಮೊದಲಿನದೇ ಸಲೀಸಿತ್ತಲ್ಲ' ಎಂದು ಕೆಲವರು ಆಗಲೇ ಕೇಳಿದ್ದಾರೆ. ಸಲೀಸಿತ್ತು ನಿಜ. ಆದರೆ ಯಾರಿಗೆ ಸಲೀಸು ಎಂಬುದು ನಮಗೆ ತಡವಾಗಿ ತಿಳಿಯಿತು.

ನಮ್ಮ ಸದಸ್ಯರಾದ ಮೇಷ್ಟ್ರೊಬ್ಬರು ನಮ್ಮ ಪತ್ರ ಹಿಡಿದು ಕಾರು ತಂದರು. ಅದೇ ವಾರ, ಅದೇ ಶೋರೂಮಿನಿಂದ, ಅದೇ ಮಾಡೆಲ್ಲಿನ ಕಾರನ್ನು ಅವರ ಪಕ್ಕದ ಮನೆಯವರೂ ತಂದರು. ಪಕ್ಕದವರು ನಮ್ಮ ಸದಸ್ಯರಲ್ಲ. ಒಂದು ಸಂಜೆ ಇಬ್ಬರೂ ಕಟ್ಟೆ ಮೇಲೆ ಕೂತು ಬಿಲ್ಲು ತಾಳೆ ನೋಡಿದಾಗ ಸದಸ್ಯರಲ್ಲದವರು 12,500 ರೂಪಾಯಿ ಕಡಿಮೆ ಕೊಟ್ಟಿದ್ದರು! ಮರುದಿನ ಬೆಳಿಗ್ಗೆ ಬೀಗ ತೆಗೆಯುವ ಮೊದಲೇ ಮೇಷ್ಟ್ರು ನಮ್ಮ ಕಚೇರಿ ಬಾಗಿಲಲ್ಲಿದ್ದರು. ಸಿಟ್ಟು ಬಂದಿತ್ತು, ಬರಲೇಬೇಕು.

ಎರಡೂ ಬಿಲ್ಲು ಎದುರಿಗಿಟ್ಟು ನೋಡಿದೆವು. ಮೇಷ್ಟ್ರಿಗೆ ನಮ್ಮ 10,000 ಕಡಿತವಾಗಿತ್ತು, ಮೋಸವಿಲ್ಲ. ಆದರೆ ವಿಮೆಗೆ 43,000 ಹಾಕಿದ್ದರು. ಪಕ್ಕದವರು ಅದೇ ವಿಮೆಯನ್ನು ಹೊರಗೆ 31,500ಕ್ಕೆ ಮಾಡಿಸಿದ್ದರು. ಮೇಷ್ಟ್ರ ಬಿಲ್ಲಿನಲ್ಲಿ 'ಹ್ಯಾಂಡ್ಲಿಂಗ್' ಎಂದು 6,000 ಇತ್ತು. ಪಕ್ಕದವರು ಇದು ಏನಕ್ಕೆ ಎಂದು ಕೇಳಿದ್ದಕ್ಕೆ ಅದು ಅಲ್ಲೇ ಮಾಯವಾಗಿತ್ತು. ಮೇಲೆ ಸುಮ್ನೆ ಹಟ ಹಿಡಿದು 5,000 ಇಳಿಸಿಕೊಂಡಿದ್ದರು. ಅಂದರೆ ಮೇಷ್ಟ್ರಿಗೆ ಒಂದು ಕೈಯಲ್ಲಿ 10,000 ಕೊಟ್ಟು ಇನ್ನೊಂದು ಕೈಯಲ್ಲಿ 17,500 ತೆಗೆದುಕೊಂಡಿದ್ದರು. ಪತ್ರ ಕಂಡ ಕೂಡಲೇ ಶೋರೂಮಿನವರಿಗೆ ಒಂದು ವಿಷಯ ಖಾತ್ರಿಯಾಗಿತ್ತು. ಈ ಗಿರಾಕಿ ಬೇರೆ ಕಡೆ ಹೋಗುವುದಿಲ್ಲ, ಇವರ ಸಂಘ ಇಲ್ಲಿಗೇ ಕಳಿಸಿದೆ.

ಇಲ್ಲಿ ನಮ್ಮ ತಪ್ಪನ್ನೂ ಹೇಳಬೇಕು. ಪ್ರತಿ ಕಾರಿಗೆ ಆ ಶೋರೂಮಿನವರು ಸಂಘಕ್ಕೆ 2,000 ರೂಪಾಯಿ ಕೊಡುತ್ತಿದ್ದರು. ಮುಚ್ಚಿಟ್ಟಿರಲಿಲ್ಲ, ವಾರ್ಷಿಕ ವರದಿಯಲ್ಲಿ 'ಇತರೆ ಆದಾಯ' ಎಂಬ ಸಾಲಿನಲ್ಲಿ ಇರುತ್ತಿತ್ತು. ಆ ಸಾಲನ್ನು ಯಾರೂ ಓದುವುದಿಲ್ಲ ಎಂದು ನಮಗೂ ಗೊತ್ತಿತ್ತು. ನಿಮ್ಮ ಪರವಾಗಿ ಮಾತಾಡಬೇಕಾದವರು ಮಾರುವವರಿಂದ ದುಡ್ಡು ತೆಗೆದುಕೊಂಡರೆ ಚೌಕಾಸಿಗೆ ಬಾಯಿ ಎಲ್ಲಿಂದ ಬರಬೇಕು? ಆಡಳಿತ ಮಂಡಳಿ ಅದನ್ನು ನಿಲ್ಲಿಸಿದೆ. ಇನ್ನು ಪತ್ರಕ್ಕೆ ಸದಸ್ಯರಿಂದಲೇ 100 ರೂಪಾಯಿ ಶುಲ್ಕ ಪಡೆಯುತ್ತೇವೆ. ಅದಕ್ಕೆ ರಸೀದಿ ಕೊಡುತ್ತೇವೆ.

ನೋಡಿ, ಅಡಿಕೆ ಮಾರುವಾಗ ನಾವು ಹೀಗೆ ಮಾಡುತ್ತೇವಾ? ರಾಶಿ ಟೆಂಡರಿಗೆ ಇಡುತ್ತೇವೆ. ನಾಲ್ಕು ವ್ಯಾಪಾರಿಗಳು ದರ ಬರೆಯುತ್ತಾರೆ. ಹೆಚ್ಚು ಬರೆದವನಿಗೂ ಕೊಡಲು ಮನಸ್ಸಿಲ್ಲದಿದ್ದರೆ ಅವತ್ತು ಬಿಡುವುದಿಲ್ಲ. ಕ್ವಿಂಟಾಲಿಗೆ ನೂರು ರೂಪಾಯಿಗೆ ಅಷ್ಟು ಲೆಕ್ಕ ಹಾಕುವ ನಾವೇ ಎಂಟು ಲಕ್ಷದ ಕಾರಿಗೆ ಒಂದೇ ಅಂಗಡಿಯ ಚೀಟಿ ನೋಡಿ ತಲೆಯಾಡಿಸಿ ಬರುತ್ತೇವೆ.

ಹಾಗಾಗಿ ಕೊಟೇಶನ್ ತರುವಾಗ ಒಂದು ವಿಷಯ ಕಡ್ಡಾಯ. 'ಆನ್ ರೋಡ್ ಇಷ್ಟು' ಎಂದು ಒಂದೇ ಮೊತ್ತ ಬರೆದ ಚೀಟಿ ನಡೆಯುವುದಿಲ್ಲ. ಎಕ್ಸ್ ಶೋರೂಂ ಬೆಲೆ, ತೆರಿಗೆ, ವಿಮೆ, ಆಕ್ಸೆಸರಿ, ಇತರ ಖರ್ಚು ಎಲ್ಲ ಬೇರೆ ಬೇರೆ ಸಾಲಿನಲ್ಲಿ ಇರಬೇಕು. ಇದರಲ್ಲಿ ಕೆಲವು ಯಾರು ಕೇಳಿದರೂ ಇಳಿಯುವುದಿಲ್ಲ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಪೆಟ್ರೋಲ್, ಡೀಸೆಲ್ ಕಾರಿಗೆ ಜೀವಾವಧಿ ತೆರಿಗೆ ಶೇ 14, ಬೆಲೆ 10 ಲಕ್ಷ ದಾಟಿದರೆ 20 ಲಕ್ಷದ ತನಕ ಶೇ 17. ಎಂಟು ಲಕ್ಷದ ಕಾರಿಗೆ ತೆರಿಗೆಯೇ 1,12,000 ಆಯಿತು, ಅದರ ಮೇಲೆ ಸೆಸ್ ಬೇರೆ. ಅದನ್ನು ಕಡಿಮೆ ಮಾಡಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ 'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್' ಎಂಬುದೆಲ್ಲ ಗೋದಾಮಿನಿಂದ ಶೋರೂಮಿಗೆ ಗಾಡಿ ತಂದ ಅವರ ಖರ್ಚು. ಅದನ್ನು ನಾವೇಕೆ ಕೊಡಬೇಕು? ಚಾಪೆ, ಸೀಟ್ ಕವರ್, ಮಡ್ ಫ್ಲ್ಯಾಪಿನ 'ಕಿಟ್' ಕೂಡ ಬೇಕಿದ್ದರೆ ಮಾತ್ರ. 'ಇದು ಕಂಪಲ್ಸರಿ ಸಾರ್' ಎಂದರೆ, ಹಾಗಂತ ಬರೆದುಕೊಡಿ ಎಂದು ಕೇಳಿ. ಬರೆದುಕೊಡುವುದಿಲ್ಲ.

ವಿಮೆಯ ಸಾಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಿಯಾಯಿತಿ ಸೋರಿಹೋಗುವ ತೂತು ಇರುವುದೇ ಇಲ್ಲಿ. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ 3 ವರ್ಷದ, ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಯ ವಿಮೆಯನ್ನು, ಒಟ್ಟಿಗೇ ಮಾಡಿಸಬೇಕು. ಅದರ ದರ ಸರ್ಕಾರದ್ದು. 2022ರಲ್ಲಿ ನಿಗದಿಯಾದಂತೆ 1000ದಿಂದ 1500 ಸಿಸಿಯ ಕಾರಿಗೆ 3 ವರ್ಷಕ್ಕೆ 10,640 ರೂಪಾಯಿ ಮತ್ತು ಜಿಎಸ್‌ಟಿ. ಇದು ಎಲ್ಲ ಕಂಪನಿಯಲ್ಲೂ ಒಂದೇ. ವ್ಯತ್ಯಾಸ ಬರುವುದು ನಮ್ಮ ಗಾಡಿಯ ಸ್ವಂತ ಹಾನಿಗೆ ಕಟ್ಟುವ ಪ್ರೀಮಿಯಂನಲ್ಲಿ. ಇದನ್ನು ಶೋರೂಮಿನಲ್ಲೇ ಮಾಡಿಸಬೇಕು ಎಂಬ ಕಾನೂನು ಇಲ್ಲ. ಹೊರಗಿನ ಒಂದು ದರ ಕೈಯಲ್ಲಿದ್ದರೆ ಸಾಕು, ಎಷ್ಟೋ ಸಲ ಶೋರೂಮಿನವರೇ ಅದಕ್ಕೆ ಇಳಿಯುತ್ತಾರೆ. ಆದರೆ ಹೋಲಿಸುವಾಗ ಐಡಿವಿ, ಅಂದರೆ ಗಾಡಿ ಕಳೆದುಹೋದರೆ ವಿಮೆ ಕಂಪನಿ ಕೊಡುವ ಮೊತ್ತ, ಎರಡರಲ್ಲೂ ಒಂದೇ ಇದೆಯೇ ನೋಡಿಕೊಳ್ಳಿ. ಹೊಸ ಗಾಡಿಗೆ ಅದು ಕಂಪನಿಯ ಪಟ್ಟಿ ಬೆಲೆಯ ಶೇ 95ರ ಹತ್ತಿರ ಇರಬೇಕು. ಐಡಿವಿ ಇಳಿಸಿ ಪ್ರೀಮಿಯಂ ಅಗ್ಗ ಎಂದು ತೋರಿಸುವುದು ಹಳೆಯ ಆಟ.

ಇನ್ನೊಂದು ಸಂಗತಿ ಹೆಚ್ಚುಕಡಿಮೆ ನಮ್ಮ ಪತ್ರದಷ್ಟೇ ಬೆಲೆಬಾಳುವುದು, ಆದರೂ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಹಳೆಯ ಕಾರಿನಲ್ಲಿ ವರ್ಷಗಟ್ಟಲೆ ಕ್ಲೇಮ್ ಮಾಡದೆ ಕೂಡಿಟ್ಟ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಮೊದಲ ವರ್ಷಕ್ಕೆ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ರ ತನಕ ಹೋಗುತ್ತದೆ. ಹಳೆಯ ಕಾರು ಮಾರಿದಾಗ ವಿಮೆ ಕಂಪನಿಯಿಂದ ಅದಕ್ಕೊಂದು ಪತ್ರ ತೆಗೆದಿಟ್ಟರೆ ಹೊಸ ಕಾರಿನ ಸ್ವಂತ ಹಾನಿ ಪ್ರೀಮಿಯಂನಲ್ಲಿ ಅಷ್ಟೂ ಕಡಿತ ಸಿಗುತ್ತದೆ. ಆ ಪ್ರೀಮಿಯಂ 18,000 ಇದ್ದು ಬೋನಸ್ ಶೇ 50 ಆಗಿದ್ದರೆ 9,000 ಉಳಿಯಿತು. ಎಕ್ಸ್‌ಚೇಂಜಿಗೆ ಗಾಡಿ ಬಿಟ್ಟುಬರುವ ದಿನವೇ ಇದನ್ನು ನೆನಪಿಡಿ, ಆಮೇಲೆ ಓಡಾಟ ಜಾಸ್ತಿ.

ಸದಸ್ಯತ್ವದ ರಿಯಾಯಿತಿ ಎಲ್ಲ ಒಂದೇ ತೂಕದ್ದಲ್ಲ ಎಂಬುದಕ್ಕೆ ಒಂದು ತಮಾಷೆ ಹೇಳುತ್ತೇನೆ. ಮಾನ್ಯತೆ ಪಡೆದ ಆಟೋಮೊಬೈಲ್ ಅಸೋಸಿಯೇಷನ್ ಸದಸ್ಯರಾಗಿದ್ದರೆ ವಿಮೆಯಲ್ಲಿ ಶೇ 5 ಕಡಿತ ಎಂದು ಮೋಟಾರು ವಿಮೆಯ ಹಳೆಯ ದರಪಟ್ಟಿಯಲ್ಲೇ ಇದೆ. ಕೇಳಲು ಚೆನ್ನಾಗಿದೆ, ಅಲ್ವಾ? ಕೆಳಗೆ ಓದಿದರೆ ಕಾರಿಗೆ ಗರಿಷ್ಠ 200 ರೂಪಾಯಿ, ಬೈಕಿಗೆ 50! ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿಬಂದರೆ ಮುಗಿಯಿತು.

ಕಾರು ಕಂಪನಿಗಳು ಕೊಡುವ ರಿಯಾಯಿತಿಗಳೇ ಬೇರೆ. ಸರ್ಕಾರಿ ನೌಕರರಿಗೆ, ಶಿಕ್ಷಕರಿಗೆ, ದೊಡ್ಡ ಕಂಪನಿಯಲ್ಲಿ ಕೆಲಸ ಮಾಡುವವರಿಗೆ ಕಾರ್ಪೊರೇಟ್ ಆಫರ್ ಇರುತ್ತದೆ. ಕೆಲವು ಕಂಪನಿಗಳಲ್ಲಿ ಹಳ್ಳಿಯವರಿಗೆ, ರೈತರಿಗೆ ಬೇರೆ ಆಫರ್ ಇದೆ. ಇವುಗಳಲ್ಲಿ ಸಾಮಾನ್ಯವಾಗಿ ಒಂದನ್ನೇ ಕೊಡುತ್ತಾರೆ. ಮಗ ಬೆಂಗಳೂರಿನ ಕಂಪನಿಯಲ್ಲಿದ್ದು ಗಾಡಿ ಅವನ ಹೆಸರಿಗೇ ಆಗುವುದಾದರೆ ಅವನ ಆಫರೇ ನಮ್ಮ ಪತ್ರಕ್ಕಿಂತ ದೊಡ್ಡದಿರಬಹುದು. ಹಾಗಿದ್ದರೆ ಅದನ್ನೇ ತೆಗೆದುಕೊಳ್ಳಿ, ನಮಗೇನೂ ಬೇಸರವಿಲ್ಲ. ಸದಸ್ಯರಲ್ಲಿ ಮಾಜಿ ಸೈನಿಕರಿದ್ದೀರಿ. ನೀವು ಮೊದಲು ಮಿಲಿಟರಿ ಕ್ಯಾಂಟೀನ್ ಬೆಲೆ ವಿಚಾರಿಸಿ. ಅದರ ಎದುರಿಗೆ ನಮ್ಮ ಪತ್ರ ಲೆಕ್ಕಕ್ಕಿಲ್ಲ.

ಸಿಕ್ಕಿದ ರಿಯಾಯಿತಿ ಇನ್‌ವಾಯ್ಸಿನಲ್ಲೇ ಅಚ್ಚಾಗಲಿ. 'ಆಮೇಲೆ ಅಕೌಂಟಿಗೆ ಹಾಕುತ್ತೇವೆ' ಎಂಬ ಮಾತಿನ ಮೇಲೆ ನಮ್ಮ ಸದಸ್ಯರೊಬ್ಬರು ಏಳು ತಿಂಗಳು ಫೋನ್ ಮಾಡಿದ್ದಾರೆ.

ಯಾವಾಗ ಕೊಳ್ಳಬೇಕು ಎಂದೂ ಕೇಳುತ್ತೀರಿ. ಆಯುಧಪೂಜೆಯ ಹಿಂದಿನ ವಾರ ಶೋರೂಮಿಗೆ ಹೋದರೆ ಕೂರಲು ಕುರ್ಚಿ ಸಿಕ್ಕಿದರೆ ಹೆಚ್ಚು, ಚೌಕಾಸಿಯ ಮಾತು ದೂರ. ಅದೇ ಆಷಾಢದಲ್ಲಿ ಹೋಗಿ ನೋಡಿ, ಕಾಫಿ ತರಿಸುತ್ತಾರೆ. ಪಿತೃಪಕ್ಷವೂ ಹಾಗೇ. ಆ ದಿನಗಳಲ್ಲಿ ಬೆಲೆ ಮಾತಾಡಿ ಬುಕ್ ಮಾಡಿ, ಗಾಡಿಯನ್ನು ಶ್ರಾವಣದಲ್ಲೋ ನವರಾತ್ರಿಯಲ್ಲೋ ಮನೆಗೆ ತನ್ನಿ. ಡೆಲಿವರಿ ದಿನದ ಬೆಲೆಯೇ ಲೆಕ್ಕ ಎಂದು ಬುಕಿಂಗ್ ಫಾರಂನಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ, ಅದನ್ನು ಮಾತ್ರ ಮೊದಲೇ ಬಗೆಹರಿಸಿಕೊಳ್ಳಿ. ಧನುರ್ಮಾಸದಲ್ಲಿ ವರ್ಷದ ಕೊನೆಯ ಸ್ಟಾಕ್ ಖಾಲಿ ಮಾಡಲು ಒಳ್ಳೆಯ ರಿಯಾಯಿತಿ ಬರುತ್ತದೆ. ಆದರೆ ಗಾಡಿ ತಯಾರಾದ ತಿಂಗಳು, ವರ್ಷ ನೋಡಿ. ಮಾರಾಟ ಪ್ರಮಾಣಪತ್ರವಾದ ಫಾರಂ 21ರಲ್ಲಿ ಅದು ಇರುತ್ತದೆ. ಒಂದು ವರ್ಷ ಹಳೆಯದಾದರೆ ಮುಂದೆ ಮಾರುವಾಗ ಆ ರಿಯಾಯಿತಿ ವಾಪಸ್ ಹೋಗುತ್ತದೆ. ಹಾಗೆಯೇ ತುಂಬ ಹಳೆಯ ಕೊಟೇಶನ್ ತರಬೇಡಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ, 350 ಸಿಸಿ ತನಕದ ಬೈಕಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಮುಂಚಿನ ಕೊಟೇಶನ್ನನ್ನು ಜೋಪಾನವಾಗಿ ಇಟ್ಟುಕೊಂಡು ಬಂದವರೂ ಇದ್ದಾರೆ.

ಶಿವಮೊಗ್ಗದಲ್ಲಿ ನಿಮಗೆ ಬೇಕಾದ ಕಂಪನಿಯ ಶೋರೂಂ ಒಂದೇ ಇದ್ದರೆ ದಾವಣಗೆರೆ, ಹುಬ್ಬಳ್ಳಿಗೆ ಫೋನ್ ಮಾಡಿ ಕೊಟೇಶನ್ ತರಿಸಿಕೊಳ್ಳಿ. ರಾಜ್ಯದೊಳಗೆ ತೆರಿಗೆ ಒಂದೇ. ಅಲ್ಲಿ ಕೊಂಡರೂ ನಂಬರು ನಮ್ಮ ಕೆಎ 15 ಮಾಡಿಸಬಹುದು, ಬುಕ್ ಮಾಡುವಾಗಲೇ ಹೇಳಿರಬೇಕು ಅಷ್ಟೇ.

ಸಾಲದ ವಿಷಯ. ನಮ್ಮ ಪತ್ರ ಬೇಕಾದರೆ ನಮ್ಮಲ್ಲೇ ಸಾಲ ಮಾಡಬೇಕು ಎಂಬ ಷರತ್ತು ಇಲ್ಲ, ಮುಂದೆಯೂ ಇರುವುದಿಲ್ಲ. ಆದರೆ ಶೋರೂಮಿನಲ್ಲಿ 'ನಮ್ಮ ಕಡೆಯಿಂದ ಲೋನ್ ಮಾಡಿಸಿದರೆ ಇನ್ನೂ 10,000 ಬಿಡುತ್ತೇವೆ' ಎಂದರೆ ಬಡ್ಡಿ ಕೇಳಿ. ಐದು ಲಕ್ಷದ ಸಾಲಕ್ಕೆ ಐದು ವರ್ಷದ ಕಂತು ಶೇ 9ರಲ್ಲಿ 10,379 ರೂಪಾಯಿ, ಶೇ 10ರಲ್ಲಿ 10,624. ತಿಂಗಳಿಗೆ 245 ಏನು ಮಹಾ ಅನ್ನಿಸುತ್ತದೆ. ಅರವತ್ತು ಕಂತಿಗೆ 14,700 ಆಗುತ್ತದೆ. ಬಿಟ್ಟ 10,000 ಎಲ್ಲಿಂದ ಬಂತು ಎಂದು ಆಗ ಗೊತ್ತಾಗುತ್ತದೆ.

ಹತ್ತು ಲಕ್ಷಕ್ಕಿಂತ ಮೇಲಿನ ಗಾಡಿ ಕೊಳ್ಳುವವರಿಗೆ ಮಾತ್ರ ಒಂದು ಮಾತು. ಬೆಲೆಯ ಶೇ 1ನ್ನು ಟಿಸಿಎಸ್, ಅಂದರೆ ಮಾರುವಾಗಲೇ ವಸೂಲು ಮಾಡುವ ಆದಾಯ ತೆರಿಗೆ, ಎಂದು ಹಿಡಿಯುತ್ತಾರೆ. ಅದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಸಿಗುವ ದುಡ್ಡು. ತೋಟದ ಆದಾಯ ಮಾತ್ರ ಇದ್ದು ರಿಟರ್ನ್ ಹಾಕದವರು ಹನ್ನೊಂದು ಲಕ್ಷದ ಗಾಡಿಗೆ 11,000 ರೂಪಾಯಿ ಅಲ್ಲೇ ಬಿಟ್ಟಂತೆ.

ಪ್ರತಿ ಶನಿವಾರ ಬೆಳಿಗ್ಗೆ 10ರಿಂದ 1 ಗಂಟೆ ತನಕ ಕೊಟೇಶನ್ ನೋಡಲು ಕಚೇರಿಯಲ್ಲಿ ಒಂದು ಟೇಬಲ್ ಇರುತ್ತದೆ. ಹಳೆಯ ವಿಮೆ ಪಾಲಿಸಿಯನ್ನೂ ತನ್ನಿ. ಸಾಧ್ಯವಾದರೆ ಮನೆಯಲ್ಲಿ ಲೆಕ್ಕ ಗಟ್ಟಿಯಿರುವವರನ್ನು ಕರೆದುಕೊಂಡು ಬನ್ನಿ. ಹೆಚ್ಚಿನ ಮನೆಗಳಲ್ಲಿ ಅದು ಯಜಮಾನರಲ್ಲ ಎಂಬುದು ನಮ್ಮ ಅನುಭವ. ಕೊಟೇಶನ್ ನೋಡುವ ಮುಂಚೆ ಅಡ್ವಾನ್ಸ್ ಕೊಟ್ಟು ಬರಬೇಡಿ. ಕೊಟ್ಟ ಮೇಲೆ ನಮ್ಮ ಮಾತಿಗೂ ನಿಮ್ಮ ಮಾತಿಗೂ ಅಲ್ಲಿ ಬೆಲೆ ಅರ್ಧ.

ಈಗಾಗಲೇ ಹಳೆಯ ಪತ್ರ ಪಡೆದು ಬುಕ್ ಮಾಡದೆ ಇರುವವರು ಅದನ್ನು ತಿಂಗಳ ಕೊನೆಯೊಳಗೆ ವಾಪಸ್ ಕೊಡಿ, ಹೊಸ ಪದ್ಧತಿಯಲ್ಲಿ ಶುಲ್ಕವಿಲ್ಲದೆ ಬರೆದುಕೊಡುತ್ತೇವೆ. ಬುಕ್ ಮಾಡಿ ಡೆಲಿವರಿಗೆ ಕಾಯುತ್ತಿರುವವರು ಬುಕಿಂಗ್ ರಸೀದಿ ಮತ್ತು ಕೊಟೇಶನ್ ತನ್ನಿ. ವಿಮೆ ಇನ್ನೂ ಆಗಿಲ್ಲದಿದ್ದರೆ ಆ ಸಾಲನ್ನಾದರೂ ಸರಿಮಾಡಬಹುದು. ಮೇಷ್ಟ್ರ ಬಿಲ್ಲಿನ ಹ್ಯಾಂಡ್ಲಿಂಗ್ ಹಣ ವಾಪಸ್ ಕೊಡಿ ಎಂದು ಸಂಘದಿಂದ ಶೋರೂಮಿಗೆ ಬರೆದಿದ್ದೇವೆ. ಉತ್ತರ ಬಂದ ದಿನ ನೋಟಿಸ್ ಬೋರ್ಡಿಗೆ ಹಾಕುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)