ಎಲ್ಲಕ್ಕೂ ಗೋಬಿ ಮೇಲೇ ಗೂಬೆಯೇ?

ಮಾನ್ಯರೆ,

ಮಕ್ಕಳ ಹೊಟ್ಟೆಹುಣ್ಣಿಗೆಲ್ಲ ಗೋಬಿ, ಪ್ಯಾಕೆಟ್ ತಿಂಡಿಯೇ ಕಾರಣವೆಂದು ನಮ್ಮ ಅಧಿಕಾರಿಗಳು ಸಭೆಯಲ್ಲಿ ಅಪ್ಪಣೆ ಕೊಡಿಸಿದ ವರದಿಯನ್ನು ನಾನು ಓದಿದ್ದು ಮಂಡ್ಯದ ಒಂದು ಲ್ಯಾಬಿನ ಬೆಂಚಿನ ಮೇಲೆ ಕೂತು. ಪಕ್ಕದಲ್ಲಿ ಹನ್ನೊಂದು ವರ್ಷದ ಮೊಮ್ಮಗ, ರಾತ್ರಿಯಿಂದ ಖಾಲಿ ಹೊಟ್ಟೆ. ಏಳಕ್ಕೆ ಬರಹೇಳಿದವರು ಬಾಗಿಲು ತೆಗೆದದ್ದು ಒಂಬತ್ತೂವರೆಗೆ.

ಈ ಹುಡುಗ ಗೋಬಿ ಮುಟ್ಟಿ ವರ್ಷವಾಯಿತು. ಮುದ್ದೆಗೆ ಬಸ್ಸಾರೂ ಇಲ್ಲ, ಬರೀ ಮಜ್ಜಿಗೆ. ಆದರೂ ಆಸಿಡ್ ತಗ್ಗಿಸುವ ಮಾತ್ರೆ ನಿಲ್ಲಿಸಿದರೆ ಹುಣ್ಣು ಮತ್ತೆ ಹಾಜರು, ಜೊತೆಗೆ ಭೇದಿ. ಎಂಡೋಸ್ಕೋಪಿಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ ಸಿಗಲಿಲ್ಲ, ಹುಣ್ಣು ತರುವಂಥ ನೋವಿನ ಮಾತ್ರೆ ನುಂಗಿದವನೂ ಅಲ್ಲ. ಕೊನೆಗೆ ಮೈಸೂರಿನ ವೈದ್ಯರು ಝೊಲಿಂಜರ್-ಎಲಿಸನ್ ಎಂಬ ಹೆಸರು ಹೇಳಿದರು. 1955ರಲ್ಲಿ ಅಮೆರಿಕದ ಇಬ್ಬರು ಸರ್ಜನ್‌ಗಳು ಗುರುತಿಸಿದ ಕಾಯಿಲೆಯಂತೆ. ಮೇದೋಜೀರಕದಲ್ಲೋ ಸಣ್ಣಕರುಳಿನ ಮೊದಲ ಭಾಗದಲ್ಲೋ ಗಡ್ಡೆ, ಕೆಲವೊಮ್ಮೆ ಕಾಳಿನಷ್ಟೇ ಚಿಕ್ಕದು, ಕೂತು ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಸುರಿಸುತ್ತದೆ. ಅದರಿಂದ ಜಠರ ಹಗಲೂ ರಾತ್ರಿ ಆಸಿಡ್ ಕಾರುತ್ತದೆ. ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬರಿಂದ ಮೂವರಿಗೆ ಬರುವಂಥದ್ದು, ಮಕ್ಕಳಲ್ಲಿ ಇನ್ನೂ ಅಪರೂಪ. ನಮ್ಮವನಿಗೆ ಅದೇ ಹೌದೋ ಅಲ್ಲವೋ ತಿಳಿಯಲು ಗ್ಯಾಸ್ಟ್ರಿನ್ ರಕ್ತಪರೀಕ್ಷೆ.

ಆಸಿಡ್ ತಗ್ಗಿಸುವ ಮಾತ್ರೆಯೇ ಗ್ಯಾಸ್ಟ್ರಿನ್ ಏರಿಸಿ ಲೆಕ್ಕ ಕೆಡಿಸುತ್ತದೆಂದು ವೈದ್ಯರು ತಮ್ಮ ನಿಗಾದಲ್ಲೇ ಒಂದು ವಾರ ಅದನ್ನು ನಿಲ್ಲಿಸಿದ್ದರು. ಆ ಏಳು ರಾತ್ರಿ ನಮ್ಮ ಮನೆಯಲ್ಲಿ ಯಾರು ಮಲಗಿದರು ಎಂದು ಕೇಳಬೇಡಿ. ರಕ್ತವನ್ನು ಕೂಡಲೇ ತಣ್ಣಗಿಡಬೇಕು, ತಣ್ಣಗೇ ಬೆಂಗಳೂರಿಗೆ ಹೋಗಬೇಕು ಎಂದು ಚೀಟಿಯಲ್ಲೇ ಬರೆದಿತ್ತು. ಲ್ಯಾಬಿನ ಮಹಾನುಭಾವರು ರಕ್ತದ ಟ್ಯೂಬನ್ನು ಕಿಟಕಿಯಲ್ಲಿ ಟೀ ಲೋಟದ ಪಕ್ಕ ಒರಗಿಸಿದರು. ನಾವು ಎದ್ದು ಹೊರಟಾಗಲೂ ಅದು ಅಲ್ಲೇ ಬಿಸಿಲು ಕಾಯಿಸುತ್ತಿತ್ತು. ಕೇಳಿದ್ದಕ್ಕೆ, 'ನಮಗ್ಗೊತ್ತು ಬುಡಿ ಸಾರ್.' ಮೂರನೇ ದಿನ ಫೋನು: 'ಸ್ಯಾಂಪಲ್ ಕೆಟ್ಟೋಗದೆ, ಇನ್ನೊಂದ್ಸಲ ಕರ್ಕಂಡ್ ಬನ್ನಿ.'

ಇನ್ನೊಂದ್ಸಲ ಅಂದರೆ ಇನ್ನೊಂದು ವಾರ ಮಗುವಿಗೆ ಮಾತ್ರೆ ಬಿಡಿಸಬೇಕು. ಮತ್ತೆ ಮೈಸೂರು, ಬಾಡಿಗೆ ಕಾರು, ಗಣಂಗೂರಿನ ಟೋಲ್. ದುಡ್ಡು ವಾಪಸ್ ಕೇಳಿದರೆ ಮ್ಯಾನೇಜರ್ ರಜೆ. ದೂರು ಕೊಡಲು ಕಚೇರಿಗೆ ಹೋದರೆ ಸಾಹೇಬರು ಮೀಟಿಂಗ್‌ನಲ್ಲಿ. ಗೋಬಿ ಮೀಟಿಂಗೇ ಇರಬೇಕು! ಇದೇ ಸಾಹೇಬರುಗಳಿಗೆ ನಮ್ಮ ಬೀದಿಯ ಒಳಚರಂಡಿ ಉಕ್ಕುವ ಬಗ್ಗೆ ಮೂರು ಅರ್ಜಿ ಕೊಟ್ಟಿದ್ದೇನೆ. ಹಿಂದಿನವರು 'ನೋಡೋಣ' ಎಂದಾದರೂ ಅನ್ನುತ್ತಿದ್ದರು. ಗೋಬಿಗೆ ಬಣ್ಣ ಹಾಕಬಾರದೆಂದು 2024ರಲ್ಲೇ ಸರ್ಕಾರದ ಆದೇಶವಾಯಿತು. ನಮ್ಮ ಸರ್ಕಲ್ಲಿನ ಗಾಡಿಯಲ್ಲಿ ಅದು ಇವತ್ತಿಗೂ ಕುಂಕುಮದಷ್ಟು ಕೆಂಪಗಿದೆ. ಅಷ್ಟು ಸಿಟ್ಟಿದ್ದರೆ ಅದನ್ನಾದರೂ ಹಿಡಿಯಲಿ.

ಸಂಬಂಧಪಟ್ಟವರು ಲ್ಯಾಬುಗಳಲ್ಲಿ ಒಂದು ಐಸ್ ಡಬ್ಬಿ ಇಡಿಸಲಿ, ಇಲ್ಲವೇ ಬಾಗಿಲು ಹಾಕಿಸಲಿ. ಚರಂಡಿಯನ್ನೂ ನೋಡಲಿ. ಶಾಲೆ ಗೇಟಿನಲ್ಲಿ ಐಸ್‌ಕ್ಯಾಂಡಿ ಮಾರುವವನು ಸೈಕಲ್ಲಿನ ಹಿಂದೆ ಥರ್ಮಾಕೋಲ್ ಡಬ್ಬಿ ಕಟ್ಟಿಕೊಂಡು ಸಂಜೆಯ ತನಕ ಕರಗದಂತೆ ಕಾಯುತ್ತಾನೆ. ಇವರಿಗೇನು ಬಂದಿದೆ ರೋಗ?

– ನೊಂದ ಅಜ್ಜ, ಮಂಡ್ಯ