ಅಮೆರಿಕದ ಕಡತ ತಾಲ್ಲೂಕು ಕಚೇರಿಯಲ್ಲಿ ನಿಂತಾಗ: ಕಂದಾಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಅಮೆರಿಕದ ಪೌರತ್ವ ಪಡೆದು ದುಬೈ, ಸಿಂಗಪುರ, ಲಂಡನ್, ಕೆಲವೊಮ್ಮೆ ಬೆಂಗಳೂರಿನಲ್ಲೇ ಕೆಲಸದಲ್ಲಿರುವ ಕನ್ನಡಿಗರಿದ್ದಾರೆ. ಅಂಥವರು ಊರಿನ ಹುಡುಗಿಯನ್ನೋ ಹುಡುಗನನ್ನೋ ಮದುವೆಯಾಗಿ ಮುಂದೆ ಅಮೆರಿಕದಲ್ಲಿ ಸಂಸಾರ ಹೂಡಬೇಕೆಂದರೆ ಸಂಗಾತಿಯನ್ನು ಸ್ಪಾನ್ಸರ್ ಮಾಡಬೇಕು. ವೀಸಾ ಕೊಡುವುದು ಅಮೆರಿಕ, ಇದರಲ್ಲಿ ಕಂದಾಯ ಇಲಾಖೆಯ ಪಾತ್ರವೇನು ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಪಾತ್ರ ದೊಡ್ಡದೇ ಇದೆ. ಉಪನೋಂದಣಾಧಿಕಾರಿಯ ಮದುವೆ ಪ್ರಮಾಣಪತ್ರ ಮತ್ತು ಗ್ರಾಮ ಲೆಕ್ಕಿಗರು ಬರೆದಿಟ್ಟ ಹಳೆಯ ಜನನ ರಿಜಿಸ್ಟರಿನ ನಕಲು, ಈ ಎರಡು ಕಾಗದ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ಸರಿಯಿದ್ದೂ ಕಡತ ಕದಲುವುದಿಲ್ಲ. ಇವನ್ನು ಸರಿಪಡಿಸುವ ಅಧಿಕಾರ ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ ಎಂಬುದರಿಂದ ಈ ಪತ್ರ.

ಕಡತ ಸಾಗುವ ದಾರಿಯನ್ನು ಮೊದಲು ಹೇಳಿಬಿಡುತ್ತೇವೆ. ಅಮೆರಿಕದ ಪ್ರಜೆ ಅಲ್ಲಿನ ವಲಸೆ ಇಲಾಖೆಗೆ ಐ-130 ಎಂಬ, ಸಂಗಾತಿಯ ಸಂಬಂಧ ರುಜುವಾತು ಮಾಡುವ ಅರ್ಜಿ ಹಾಕುತ್ತಾರೆ. ಯಾವ ದೇಶದಲ್ಲಿ ಕುಳಿತೂ ಆನ್‌ಲೈನ್‌ನಲ್ಲಿ ಹಾಕಬಹುದು. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ಶುಲ್ಕ 625 ಡಾಲರ್, ಕಾಗದದ ಅರ್ಜಿಗೆ 675. ಹತ್ತಿರದ ಕಾನ್ಸುಲೇಟಿನಲ್ಲೇ ಅರ್ಜಿ ಕೊಡುವ ಸೌಲಭ್ಯ 2020ರ ಫೆಬ್ರುವರಿಯಿಂದ ತೀರಾ ವಿಶೇಷ ಸಂದರ್ಭಗಳಿಗಷ್ಟೇ ಉಳಿದಿದೆ. ಅರ್ಜಿ ಮಂಜೂರಾದ ಮೇಲೆ ಕಡತ, ಸಂದರ್ಶನಕ್ಕೆ ಮುಂಚೆ ದಾಖಲೆ ಪರಿಶೀಲಿಸುವ ಅಮೆರಿಕದ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ವೀಸಾ ಅರ್ಜಿಗೆ 325 ಡಾಲರ್, ಐ-864 ಎಂಬ ಹಣಕಾಸು ಹೊಣೆಪತ್ರದ ಪರಿಶೀಲನೆಗೆ 120 ಡಾಲರ್ ಕಟ್ಟಿ, ಮದುವೆ, ಜನನ, ಪೊಲೀಸ್ ದಾಖಲೆಗಳ ಸ್ಕ್ಯಾನ್ ಪ್ರತಿ ಏರಿಸಬೇಕು. ಎಲ್ಲವೂ ಸರಿಯೆಂದು ಅವರು ಒಪ್ಪಿದ ಮೇಲಷ್ಟೇ ಮುಂಬೈ ಕಾನ್ಸುಲೇಟಿನ ಸಂದರ್ಶನದ ಸಾಲಿಗೆ ಹೆಸರು ಸೇರುತ್ತದೆ. ಒಂದು ದಾಖಲೆ ತಿರಸ್ಕೃತವಾದರೂ ಕಡತ ಆ ಸಾಲಿಗೆ ಸೇರುವುದಿಲ್ಲ. ಒಂದು ವರ್ಷ ಕಡತದ ಮೇಲೆ ಏನೂ ನಡೆಯದಿದ್ದರೆ ಅದನ್ನು ರದ್ದು ಮಾಡುವ ಕ್ರಮ ಆರಂಭವಾಗುತ್ತದೆ.

ಅಮೆರಿಕದ ಹೊರಗಿರುವ ಸ್ಪಾನ್ಸರ್‌ಗೆ ಐ-864 ಇನ್ನೊಂದು ಕಷ್ಟ. ಅವರ ಕಾಯಂ ನೆಲೆ ಅಮೆರಿಕವೇ ಆಗಿರಬೇಕು, ಇಲ್ಲವೇ ಸಂಗಾತಿ ಅಲ್ಲಿಗೆ ಕಾಲಿಡುವ ದಿನದೊಳಗೆ ತಾವೂ ಅಲ್ಲಿ ನೆಲೆಸಲಿದ್ದೇವೆಂದು ತೋರಿಸಬೇಕು. ಮನೆ ಬಾಡಿಗೆ ಕರಾರು, ಉದ್ಯೋಗದ ಪತ್ರ, ಬ್ಯಾಂಕ್ ಖಾತೆ, ಮತದಾರರ ನೋಂದಣಿ, ಮಕ್ಕಳಿಗೆ ಶಾಲೆಯ ಸೀಟು ಇವೆಲ್ಲ ಪುರಾವೆಯಾಗುತ್ತವೆ. ಹೆಂಡತಿ ಮೊದಲು ಹೋಗಲಿ, ನಾನು ಆರು ತಿಂಗಳು ಬಿಟ್ಟು ಬರುತ್ತೇನೆ ಎಂದರೆ ನಡೆಯದು. ನೆಲೆಯ ಪುರಾವೆ ಇಲ್ಲದಿದ್ದರೆ ಅಲ್ಲಿರುವ ಬಂಧುವನ್ನು ಜಂಟಿ ಸ್ಪಾನ್ಸರ್ ಮಾಡಿದರೂ ಆ ಕೊರತೆ ತುಂಬುವುದಿಲ್ಲ.

ಆದಾಯದ್ದೂ ಇದೇ ಪಾಡು. ಇಬ್ಬರೇ ಇರುವ ಸಂಸಾರಕ್ಕೆ 2025ರ ಮಾನದಂಡದಲ್ಲಿ ವರ್ಷಕ್ಕೆ 26,437 ಡಾಲರ್ ಬೇಕಿತ್ತು. ದುಬೈಯ ಸಂಬಳ ಇದರ ನಾಲ್ಕು ಪಟ್ಟಿದ್ದರೂ, ಅಮೆರಿಕಕ್ಕೆ ಹೋದ ಮೇಲೆ ಅದೇ ಮೂಲದಿಂದ ಮುಂದುವರಿಯದಿದ್ದರೆ ಲೆಕ್ಕಕ್ಕೆ ಬರುವುದಿಲ್ಲ. ಹೊರಗೆ ದುಡಿದರೂ ಅಮೆರಿಕದ ಪ್ರಜೆ ಅಲ್ಲಿಗೆ ತೆರಿಗೆ ವಿವರ ಸಲ್ಲಿಸಲೇಬೇಕು. ವಿದೇಶಿ ದುಡಿಮೆಯ ವಿನಾಯಿತಿ ಪಡೆದವರ ರಿಟರ್ನಿನಲ್ಲಿ ಒಟ್ಟು ಆದಾಯದ ಸಾಲು ಸೊನ್ನೆಗೂ ಇಳಿದಿರಬಹುದು, ಹಾಗಾಗಿ ಆ ವಿನಾಯಿತಿಯ ಲೆಕ್ಕವಿರುವ ಫಾರ್ಮ್ 2555ನ್ನೂ ಲಗತ್ತಿಸಿ ವಿವರಣೆ ಬರೆಯಬೇಕು. ಆದಾಯ ಸಾಲದಿದ್ದರೆ ಕೊರತೆಯ ಮೂರು ಪಟ್ಟು ಆಸ್ತಿ ತೋರಿಸಬಹುದು. ಆದಾಯವೇ ಇಲ್ಲದವರಿಗೆ 2025ರ ಲೆಕ್ಕದಲ್ಲಿ ಅದು 79,311 ಡಾಲರ್ ಆಗಿತ್ತು. ಬೆಂಗಳೂರಿನ ಸೈಟು, ಮೈಸೂರಿನ ಮನೆ ಸಹ ನಡೆಯುತ್ತದೆ, ಆದರೆ ಒಂದು ವರ್ಷದೊಳಗೆ ಮಾರಿ ಹಣವನ್ನು ಅಮೆರಿಕಕ್ಕೆ ಸಾಗಿಸಬಹುದು ಎಂದು ರುಜುವಾತಾಗಬೇಕು. ಅದಕ್ಕೆ ಖಾತಾ, ಇಸಿ (ಋಣಭಾರ ಪತ್ರ), ಕ್ರಯಪತ್ರ, ಮೌಲ್ಯಮಾಪಕರ ವರದಿ ಬೇಕು. ಇಲ್ಲಿಯೂ ನಿಮ್ಮ ಇಲಾಖೆಯ ಕಾಗದಗಳೇ ಬಂದವು ನೋಡಿ.

ಇನ್ನು ಮದುವೆ ಪ್ರಮಾಣಪತ್ರ. ಕಲ್ಯಾಣ ಮಂಟಪದ ರಸೀದಿ, ದೇವಸ್ಥಾನದ ಪತ್ರ, ಲಗ್ನಪತ್ರಿಕೆ ಯಾವುದೂ ಸಾಲದು, ನೋಂದಣಾಧಿಕಾರಿಯ ಪ್ರಮಾಣಪತ್ರವೇ ಆಗಬೇಕು. ಅದರಲ್ಲಿ ಮದುವೆ ನಡೆದ ದಿನ ಮತ್ತು ನೋಂದಣಿಯಾದ ದಿನ ಬೇರೆಬೇರೆಯಾಗಿ, ಸ್ಪಷ್ಟವಾಗಿ ಇರಬೇಕು. ಸಂಗಾತಿ ಅಮೆರಿಕ ಪ್ರವೇಶಿಸುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತಿನ ಗ್ರೀನ್ ಕಾರ್ಡ್. ಅದು ಮುಗಿಯುವ ಮುಂಚಿನ 90 ದಿನಗಳಲ್ಲಿ ಮತ್ತೊಂದು ಅರ್ಜಿ, ಮತ್ತೊಂದು ಶುಲ್ಕ, ಮತ್ತೆ ಪುರಾವೆ. ಮದುವೆಯಾಗಿ ವರ್ಷ ಕಳೆದ ಮೇಲೆ ನೋಂದಾಯಿಸಿದವರ ಪತ್ರದಲ್ಲಿ ನೋಂದಣಿ ದಿನವೊಂದೇ ಎದ್ದು ಕಂಡರೆ ಅವರು ಈ ಸುತ್ತಾಟದಲ್ಲಿ ಸುಮ್ಮನೆ ಸಿಕ್ಕಿಬೀಳುತ್ತಾರೆ.

ನೋಂದಣಿ ಇಲಾಖೆಯ ಜಾಲತಾಣವಾದ ಕಾವೇರಿ 2.0ದಲ್ಲಿ ಹಿಂದೂ ವಿವಾಹದ ಆನ್‌ಲೈನ್ ನೋಂದಣಿ 2024ರಲ್ಲಿ ಬಂದಾಗ ನಮಗೆಲ್ಲ ನಿಜಕ್ಕೂ ಸಂತೋಷವಾಯಿತು. ಆದರೆ ಆ ದಾರಿ ಆಧಾರ್ ದೃಢೀಕರಣದ ಮೇಲೆ ನಿಂತಿದೆ. ಒಸಿಐ ಕಾರ್ಡಿನವರು, ಅಂದರೆ ವಿದೇಶದ ಪೌರತ್ವ ಪಡೆದ ಭಾರತ ಮೂಲದವರು, ಕಳೆದ 12 ತಿಂಗಳಲ್ಲಿ 182 ದಿನ ಭಾರತದಲ್ಲಿ ವಾಸವಿದ್ದರಷ್ಟೇ ಆಧಾರ್‌ಗೆ ಅರ್ಹರು. ಎರಡು ವಾರದ ರಜೆಯಲ್ಲಿ ಬಂದು ತಾಳಿ ಕಟ್ಟುವ ವರನಿಗೆ ಆಧಾರ್ ಎಲ್ಲಿಂದ ಬರಬೇಕು? ವಿದೇಶಿ ಪಾಸ್‌ಪೋರ್ಟ್ ಮತ್ತು ಒಸಿಐ ಕಾರ್ಡಿನಿಂದ ಗುರುತು ದೃಢೀಕರಿಸುವ ಅವಕಾಶವನ್ನು ಕಾವೇರಿಯಲ್ಲಿ ಸೇರಿಸಿ. ಅಲ್ಲಿಯವರೆಗೆ ಇಂಥ ಜೋಡಿಗೆ ರಜೆ ಮುಗಿಯುವುದರೊಳಗೆ ಕಚೇರಿಯಲ್ಲಿ ಸಮಯ ಕೊಡಬೇಕೆಂದು ಒಂದು ಸುತ್ತೋಲೆ ಹೊರಡಿಸಿ.

ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗುವವರ ಕಷ್ಟ ಇನ್ನೂ ಹೆಚ್ಚು. ವಧೂವರರು ಬೇರೆ ಬೇರೆ ಧರ್ಮದವರಾದರೆ ಇರುವ ಮುಖ್ಯ ದಾರಿ 1954ರ ಈ ಕಾಯ್ದೆ. ಇಬ್ಬರಲ್ಲಿ ಒಬ್ಬರು ನೋಟಿಸಿಗೆ ಮುಂಚೆ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು, ನೋಟಿಸ್ ಪ್ರಕಟವಾಗಿ 30 ದಿನ ಕಾಯಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಮುಗಿಯಬೇಕು. ಇಲ್ಲೇ ಇರುವ ಸಂಗಾತಿಯಿಂದ ವಾಸದ ಷರತ್ತು ಪೂರೈಸುತ್ತದೆ. ನೋಟಿಸ್ ಲಿಖಿತವಾಗಿ, ನಿಗದಿತ ನಮೂನೆಯಲ್ಲಿರಬೇಕು ಎನ್ನುತ್ತದೆ 5ನೇ ಸೆಕ್ಷನ್, ಇಬ್ಬರೂ ಖುದ್ದಾಗಿ ಬಂದು ಕೊಡಬೇಕು ಎಂಬ ಮಾತು ಅದರಲ್ಲಿಲ್ಲ. ಆದರೂ ನೋಟಿಸಿನ ದಿನವೇ ಇಬ್ಬರೂ ಹಾಜರಿರಬೇಕೆಂದು ಕಚೇರಿ ಪಟ್ಟು ಹಿಡಿದರೆ ವಿದೇಶದಲ್ಲಿರುವವರು ಎರಡು ಸಲ ವಿಮಾನ ಹತ್ತಬೇಕಾಗುತ್ತದೆ. ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಸಹಿಯಿರುವ ನೋಟಿಸನ್ನು ಒಪ್ಪಿಕೊಂಡರೆ ಒಂದೇ ಸಲ ಬಂದರೆ ಸಾಕು. ಕಾನೂನು ತಿದ್ದುಪಡಿಯ ಮಾತೇ ಇಲ್ಲಿಲ್ಲ, ಬೇಕಿರುವುದು ಒಂದು ಸ್ಪಷ್ಟ ಆದೇಶ.

ವಿದೇಶಿ ಸಂಗಾತಿ ಅವಿವಾಹಿತ ಎಂಬುದಕ್ಕೆ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ ತನ್ನಿ ಎಂಬ ಬೇಡಿಕೆಯೂ ಉಂಟು. ಅಮೆರಿಕ ಅಂಥ ಪತ್ರ ಕೊಡುವುದೇ ಇಲ್ಲ. ಪ್ರಜೆ ತಾನೇ ಬರೆದ ಶಪಥಪತ್ರಕ್ಕೆ (ಅಫಿಡವಿಟ್) 50 ಡಾಲರ್ ಶುಲ್ಕ ಪಡೆದು ನೋಟರಿ ಮುದ್ರೆ ಹಾಕಿಕೊಡುತ್ತದೆ, ಅಷ್ಟೆ. ಅದನ್ನೇ ಸಾಕೆಂದು ಎಲ್ಲ ವಿವಾಹಾಧಿಕಾರಿಗಳಿಗೂ ತಿಳಿಸಬೇಕು.

ಜನನ ಪ್ರಮಾಣಪತ್ರದ ವಿಷಯಕ್ಕೆ ಬಂದರೆ, ಕಡತಗಳು ಹೆಚ್ಚು ನರಳುವುದು ಇಲ್ಲೇ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ. ಹಾಗಾಗಿ ಹಾಸನದಲ್ಲಿ ಬೆಳೆದವಳ ಜನನ ತಿಪಟೂರು ತಾಲ್ಲೂಕಿನ ಯಾವುದೋ ಹಳ್ಳಿಯ ರಿಜಿಸ್ಟರಿನಲ್ಲಿರುತ್ತದೆ. ಅಲ್ಲಿ ಹುಡುಕಿ ತೆಗೆದರೆ ಮಗುವಿನ ಹೆಸರಿನ ಅಂಕಣ ಖಾಲಿ. ನಾಮಕರಣಕ್ಕೆ ಮುಂಚೆಯೇ ಬರೆಸಿದ್ದು, ಆಮೇಲೆ ಯಾರೂ ಹೋಗಿ ಸೇರಿಸಲಿಲ್ಲ. ಹೆಸರು ಸೇರಿಸಲು ನಿಯಮ ಕೊಟ್ಟಿರುವ ಅವಧಿ 15 ವರ್ಷ. 1990ರ ದಶಕದಲ್ಲಿ ಹುಟ್ಟಿ ಈಗ ಮದುವೆಯಾಗುತ್ತಿರುವವರು ಅದನ್ನು ಎಂದೋ ದಾಟಿದ್ದಾರೆ. ವೀಸಾ ಕಡತಕ್ಕಾದರೋ ಹೆಸರು, ಹುಟ್ಟಿದ ದಿನ, ಸ್ಥಳ, ತಂದೆ ತಾಯಿ ಇಬ್ಬರ ಹೆಸರು ಎಲ್ಲವೂ ಬೇಕು.

ಜನನ ನೋಂದಣಿಯೇ ಆಗಿರದಿದ್ದರೆ ಈಗ ತಡವಾಗಿ ಮಾಡಿಸಬಹುದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ ಆದೇಶ ಕೊಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕೃತ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಬಂದಿದೆ. ಆದರೆ 1993ರ ಜನನಕ್ಕೆ ಈಗ ಹೊಸದಾಗಿ ಕೊಟ್ಟ ಪತ್ರವೊಂದನ್ನೇ ಕಾನ್ಸುಲೇಟ್ ಸುಲಭವಾಗಿ ನಂಬುವುದಿಲ್ಲ. ಹಳೆಯ ಶಾಲಾ ದಾಖಲೆ, ತಂದೆ ತಾಯಿಯರ ಅಥವಾ ಜನನ ಬಲ್ಲ ಹಿರಿಯರ ಶಪಥಪತ್ರವೂ ಜೊತೆಗಿರಬೇಕು. ಮೂಲದಲ್ಲಿ ನೋಂದಣಿಯೇ ಇರಲಿಲ್ಲ ಎಂಬುದಕ್ಕೆ ಅಲಭ್ಯತಾ ಪ್ರಮಾಣಪತ್ರ, ಅಂದರೆ ನಿಯಮದ ನಮೂನೆ 10, ಇದ್ದರೆ ಆ ಪುರಾವೆಗಳಿಗೆ ಬಲ ಬರುತ್ತದೆ. ‘ದಾಖಲೆ ಸಿಗಲಿಲ್ಲ’ ಎಂದು ಬಿಳಿ ಹಾಳೆಯಲ್ಲಿ ಬರೆದು ಸೀಲು ಒತ್ತಿದ ಹಿಂಬರಹ ಮುಂಬೈಯಲ್ಲಿ ನಡೆಯುವುದಿಲ್ಲ. ಯಾವ ವರ್ಷದಿಂದ ಯಾವ ವರ್ಷದವರೆಗಿನ ರಿಜಿಸ್ಟರ್ ನೋಡಲಾಯಿತು ಎಂಬುದನ್ನು ನಮೂದಿಸಿ, ನಮೂನೆ 10ನ್ನೇ ಇಂಗ್ಲಿಷ್‌ ಮತ್ತು ಕನ್ನಡ ಎರಡರಲ್ಲೂ ಕೊಡುವಂತೆ ತಹಶೀಲ್ದಾರರಿಗೆ ಸೂಚಿಸಿ. ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ದಾಖಲೆ ಕೊಠಡಿಗಳ ಭೂ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದ್ದೀರಿ. ಅದೇ ಯಂತ್ರ, ಅದೇ ಸಿಬ್ಬಂದಿಯಿಂದ ಹಳೆಯ ಜನನ ರಿಜಿಸ್ಟರುಗಳನ್ನೂ ಸ್ಕ್ಯಾನ್ ಮಾಡಿಸಿದರೆ ಹುಡುಕಾಟ ತಿಂಗಳುಗಳಿಂದ ನಿಮಿಷಗಳಿಗೆ ಇಳಿಯುತ್ತದೆ.

ಹೆಸರಿನ ಗೊಂದಲ ಈ ಎರಡೂ ಪತ್ರಗಳಿಗೆ ಅಂಟಿಕೊಂಡಿದೆ. ನಮ್ಮ ಹೆಸರಿನ ಮುಂದೆ ಊರು, ತಂದೆಯ ಹೆಸರು ಇನಿಷಿಯಲ್ಲಾಗಿ ಕೂರುತ್ತವೆ. ಶಾಲೆಯಲ್ಲಿ ಎಚ್. ಎಸ್. ಸುಮಾ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದ ಉದ್ದನೆಯ ಹೆಸರು, ಮದುವೆ ಪತ್ರದಲ್ಲಿ ಬರೀ ಸುಮಾ. ಇವರು ಮೂವರಲ್ಲ, ಒಬ್ಬರೇ ಎಂದು ಶಪಥಪತ್ರ ಮಾಡಿಸಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇರುವ ಹೆಸರೇ ಸರ್‌ನೇಮ್ ಆಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ, ಮುಂದೆ ಅಲ್ಲಿನ ಪ್ರತಿ ಕಚೇರಿಯಲ್ಲೂ ಅದು ಕಾಡುತ್ತದೆ. ಪಾಸ್‌ಪೋರ್ಟ್ ಇದ್ದವರ ಹೆಸರನ್ನು ಅದರಲ್ಲಿರುವ ಅಕ್ಷರಗಳಲ್ಲೇ ಮದುವೆ ಪತ್ರಕ್ಕೆ ಇಳಿಸಬೇಕು, ಮುದ್ರಣಕ್ಕೆ ಮುಂಚೆ ವಧೂವರರಿಗೆ ಒಮ್ಮೆ ತೋರಿಸಿ ಸಹಿ ಪಡೆಯಬೇಕು. ಒಂದಕ್ಷರ ತಪ್ಪಿದಾಗ ‘ಕೋರ್ಟಿಗೆ ಹೋಗಿ’ ಎನ್ನುವ ಬದಲು, ಪಾಸ್‌ಪೋರ್ಟ್ ಆಧಾರದ ಮೇಲೆ ಉಪನೋಂದಣಾಧಿಕಾರಿಯೇ ತಿದ್ದಿಕೊಡುವ ವಿಧಾನವನ್ನು ನಿಯಮದಲ್ಲಿ ಬರೆಯಿರಿ.

ಜನರ ಹಣ ಉಳಿಸುವ ಒಂದು ಮಾತು. ಅಮೆರಿಕದ ವೀಸಾ ಕಡತಕ್ಕೆ ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರ ಹಾಕುವ ದೃಢೀಕರಣ ಮುದ್ರೆ, ಬೇಕಿಲ್ಲ. ಕನ್ನಡದ ದಾಖಲೆಗೆ ಪೂರ್ತಿ ಇಂಗ್ಲಿಷ್ ಅನುವಾದ, ತಾನು ಎರಡೂ ಭಾಷೆ ಬಲ್ಲೆ, ಅನುವಾದ ನಿಖರವಾಗಿದೆ ಎಂಬ ಅನುವಾದಕರ ಸಹಿ, ಇಷ್ಟು ಸಾಕು. ಇದನ್ನು ತಿಳಿಯದೆ ನೋಂದಣಿ ಕಚೇರಿಯ ಗೇಟಿನ ಬಳಿ ಏಜೆಂಟರಿಗೆ ಸಾವಿರಾರು ರೂಪಾಯಿ ಕೊಡುವವರಿದ್ದಾರೆ. ಯಾವ ದೇಶಕ್ಕೆ ಯಾವ ಕಾಗದ ಬೇಕು ಎಂಬ ಒಂದು ಫಲಕವನ್ನು ಕಚೇರಿಯ ಗೋಡೆಗೆ ಹಾಕಿಸಿ. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಕಚೇರಿಯಿಂದಲೇ, 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ ಎಂಬುದೂ ಅದರಲ್ಲಿರಲಿ.

ಸುತ್ತೋಲೆಗಳ ಕರಡು ಸಿದ್ಧಪಡಿಸುವುದಕ್ಕೆ, ನಮೂನೆ 10ರ ಇಂಗ್ಲಿಷ್ ಪಾಠಕ್ಕೆ, ಸಿಬ್ಬಂದಿಗೆ ತಿಳಿಸಿಕೊಡುವುದಕ್ಕೆ ನಮ್ಮಿಂದ ನೆರವು ಬೇಕಾದರೆ ಯಾವ ಸಂಭಾವನೆಯೂ ಇಲ್ಲದೆ ಮಾಡಿಕೊಡಲು ಸಿದ್ಧರಿದ್ದೇವೆ.

ವಂದನೆಗಳೊಂದಿಗೆ,
ವಲಸೆ ಕಡತಗಳ ಕೆಲಸ ಬಲ್ಲ ಕನ್ನಡಿಗರು